ಸೂರ್ಯನ ಕುದುರೆಗೆ ಹಾಕುವ ಮಿಡತೆ ಏನು ತಿಂದಿತ್ತು? ಫಾಬ್ರ್ ಮಾಸ್ತರರ ಬದುಕಿನಲ್ಲಿದೆ ಉತ್ತರ

ಮುಂಗಾಲು ಮಡಚಿ, ಕೈಮುಗಿದಂತೆ ಕೂರುವ ಹಸಿರು ಹುಳವನ್ನು ನೀವು ನೋಡಿಯೇ ಇರುತ್ತೀರಿ. ಇಂಗ್ಲಿಷಿನಲ್ಲಿ ಮ್ಯಾಂಟಿಸ್, ಕನ್ನಡದಲ್ಲಿ ಸೂರ್ಯನ ಕುದುರೆ. ಇದು ಮನುಷ್ಯರಿಗೆ ವಿಷವಲ್ಲ, ಬೆಳೆಯನ್ನೂ ತಿನ್ನುವುದಿಲ್ಲ. ಬದುಕಿರುವ ಹುಳಗಳನ್ನು ಹಿಡಿದು ತಿನ್ನುವುದೇ ಇದರ ಕೆಲಸ. ಹೀಗಾಗಿ ಇದನ್ನು ಡಬ್ಬಿಯಲ್ಲಿಟ್ಟು ಸಾಕುವ ಹವ್ಯಾಸಿಗಳಿದ್ದಾರೆ. ಸಾಕುವುದು ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಡಬ್ಬಿಯ ಅಳತೆ, ಹುಳ ಹಾಕುವ ಹೊತ್ತು ಎಲ್ಲ ಸಿಗುತ್ತದೆ. ಆದರೆ ಹಾಕುವ ಆ ಹುಳ ಅದಕ್ಕೂ ಮೊದಲು ಏನು ತಿಂದಿತ್ತು? ಸಾಕಿದ ಹುಳ ಸಾಯುವುದೋ ಬದುಕುವುದೋ ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ನೇರ ಉತ್ತರಕ್ಕೆ ಮೊದಲು ಒಬ್ಬ ಮಾಸ್ತರರ ಬದುಕನ್ನು ಹೇಳಬೇಕು. ಸೂರ್ಯನ ಕುದುರೆಯನ್ನು ಪಂಜರದಲ್ಲಿಟ್ಟು, ಊಟ ಹಾಕಿ, ಕಂಡದ್ದನ್ನೆಲ್ಲ ಬರೆದವರಲ್ಲಿ ಅವರಷ್ಟು ಹೆಸರಾದವರು ಇನ್ನೊಬ್ಬರಿಲ್ಲ. ಈ ಹುಳದ ವಿಷಯದಲ್ಲಿ ಅವರು ಗೆದ್ದದ್ದೂ ಊಟದಲ್ಲೇ, ಸೋತದ್ದೂ ಊಟದಲ್ಲೇ.

ಅವರ ಹೆಸರು ಜಾನ್ ಆನ್ರಿ ಫಾಬ್ರ್. ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸಾಂ ಲೆಯೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತಾಗ ಈ ಕೂಸಿಗೆ ಹತ್ತು ತಿಂಗಳು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ 1829ರಲ್ಲಿ ಐದು ವರ್ಷ. ಮನೆಯಲ್ಲಿ ಬಡತನ ಎಷ್ಟಿತ್ತೆಂದರೆ ಒಂದು ಹೊಟ್ಟೆಯಾದರೂ ಕಡಿಮೆಯಾಗಲಿ ಎಂದು ಹುಡುಗನನ್ನು ಅಜ್ಜ ಅಜ್ಜಿಯ ಮನೆಗೆ ಕಳಿಸಿದ್ದರು. ದನ, ಕುರಿ, ಹುಲ್ಲು, ಚಳಿ ಇದ್ದ ಮನೆ ಅದು. ಅಲ್ಲಿ ಒಂದು ದಿನ ಹುಡುಗನಿಗೆ ಸಂಶಯ ಬಂತು. ಈ ಬೆಳಕು ನನಗೆ ಕಾಣುತ್ತಿರುವುದು ಬಾಯಿಂದಲೋ ಕಣ್ಣಿಂದಲೋ? ಕಣ್ಣು ಮುಚ್ಚಿ ಬಾಯಿ ತೆರೆದ, ಸೂರ್ಯ ಮಾಯವಾದ. ಬಾಯಿ ಮುಚ್ಚಿ ಕಣ್ಣು ತೆರೆದ, ಸೂರ್ಯ ವಾಪಸು ಬಂದ. ಎರಡೆರಡು ಸಲ ಮಾಡಿ ನೋಡಿ, ಕಣ್ಣಿಂದಲೇ ಎಂದು ಮನೆಯವರಿಗೆ ಹೇಳಿದಾಗ ಎಲ್ಲರೂ ನಕ್ಕರು. ನಗುವಂಥ ಮಾತೇ. ಆದರೆ ಒಂದನ್ನು ಮಾತ್ರ ಬದಲಿಸಿ ಏನಾಗುತ್ತದೆ ನೋಡುವ ಆ ರೀತಿಯನ್ನು ಆತ ತೊಂಬತ್ತರ ಹತ್ತಿರದವರೆಗೂ ಬಿಡಲಿಲ್ಲ.

ಅಪ್ಪ ಊರಿಂದ ಊರಿಗೆ ಹೋಗಿ ಸಣ್ಣ ಹೋಟೆಲು ನಡೆಸಿ ಎಲ್ಲ ಕಡೆ ಕೈಸುಟ್ಟುಕೊಂಡರು. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲು ಹಳಿ ಹಾಕುವಲ್ಲಿ ಕೂಲಿ ಮಾಡಿದ. ಕಡೆಗೆ ಪರೀಕ್ಷೆ ಬರೆದು ಅವಿನ್ಯೋನ್ ಊರಿನ ಶಿಕ್ಷಕರ ತರಬೇತಿ ಶಾಲೆಗೆ ವಿದ್ಯಾರ್ಥಿವೇತನ ಗಿಟ್ಟಿಸಿದ. 1842ರಲ್ಲಿ ಕಾರ್ಪಾಂತ್ರಾ ಎಂಬಲ್ಲಿ ಮಾಸ್ತರಿಕೆ ಸಿಕ್ಕಿತು, ವರ್ಷಕ್ಕೆ 700 ಫ್ರಾಂಕ್ ಸಂಬಳ. ಅಲ್ಲಿ ಕೀಟಗಳ ಮೇಲಿನ ಒಂದು ಪುಸ್ತಕ ಕಂಡು ಒಂದು ತಿಂಗಳ ಸಂಬಳದಷ್ಟು ಕೊಟ್ಟು ಕೊಂಡರು. ಮನೆ ಖರ್ಚಿನ ಲೆಕ್ಕ ಆಮೇಲೆ ಹೇಗೆ ಸರಿಹೋಯಿತೋ! ಮುಂದೆ ಕಾರ್ಸಿಕಾ ದ್ವೀಪದಲ್ಲಿ ನಾಲ್ಕು ವರ್ಷ, 1853ರಿಂದ ಅವಿನ್ಯೋನ್‌ನಲ್ಲಿ ಸುಮಾರು ಹದಿನೆಂಟು ವರ್ಷ ಪಾಠ ಹೇಳಿದರು.

1855ರಲ್ಲಿ ಅವರ ಮೊದಲ ದೊಡ್ಡ ಲೇಖನ ಬಂತು. ಒಂದು ಜಾತಿಯ ಕಣಜ ತನ್ನ ಮರಿಗಾಗಿ ದುಂಬಿಗಳನ್ನು ಹಿಡಿದು ನೆಲದೊಳಗಿನ ಗೂಡಿನಲ್ಲಿಡುತ್ತದೆ. ಆ ದುಂಬಿಗಳು ವಾರಗಟ್ಟಲೆ ಕೊಳೆಯುವುದಿಲ್ಲ. ಕಣಜ ಕೊಳೆಯದಂತೆ ಕಾಯುವ ಏನೋ ರಸವನ್ನು ಚುಚ್ಚುತ್ತದೆ ಎಂದು ಆಗಿನ ದೊಡ್ಡ ಪಂಡಿತರು ನಂಬಿದ್ದರು. ಫಾಬ್ರ್ ಗೂಡು ಅಗೆದು ನೋಡಿದರು. ದುಂಬಿಗಳು ಸತ್ತಿರಲಿಲ್ಲ, ಕೈಕಾಲು ಬಿದ್ದುಹೋಗಿದ್ದವಷ್ಟೇ. ಕಣಜ ನರದ ಗಂಟಿಗೆ ಚುಚ್ಚಿ ಲಕ್ವ ಹೊಡೆಸಿತ್ತು. ಮರಿಗೆ ಸಿಗುತ್ತಿದ್ದುದು ಜೀವಂತ, ತಾಜಾ ಊಟ. ಮರುವರ್ಷ ಪ್ಯಾರಿಸ್ಸಿನ ವಿದ್ವತ್ ಸಂಸ್ಥೆ ಅವರಿಗೆ ಬಹುಮಾನ ಕೊಟ್ಟಿತು. ಡಾರ್ವಿನ್ ಕೂಡ ಅವರ ಗಮನಿಸುವ ಶಕ್ತಿಯನ್ನು ಮೆಚ್ಚಿ ಬರೆದರು. ವಿಕಾಸವಾದವನ್ನು ಮಾತ್ರ ಫಾಬ್ರ್ ಕಡೆಯವರೆಗೂ ಒಪ್ಪಲಿಲ್ಲ. ಅದು ಅವರು ಎಡವಿದ ಜಾಗ.

1865ರಲ್ಲಿ ಒಬ್ಬ ಅತಿಥಿ ಬಂದರು, ಲೂಯಿ ಪಾಶ್ಚರ್. ಫ್ರಾನ್ಸಿನಲ್ಲಿ ರೇಷ್ಮೆಹುಳಗಳು ರೋಗ ಬಂದು ಸಾಯುತ್ತಿದ್ದವು, ಅದನ್ನು ತಡೆಯುವ ಹೊಣೆ ಅವರ ಮೇಲೆ ಬಿದ್ದಿತ್ತು. ಪಾಶ್ಚರ್ ಅದುವರೆಗೆ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರು. ಒಳಗಿರುವುದು ಪತಂಗವಾಗಲಿರುವ ಕೋಶ ಎಂದು ಹೇಳಿಕೊಟ್ಟವರು ಫಾಬ್ರ್.

ಹುಳಕ್ಕೆ ಸುರಕ್ಷಿತ ಊಟ ಎಂಬ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ ಎನ್ನಲು ಈ ರೇಷ್ಮೆ ಸಾಕು. ಹಿಪ್ಪುನೇರಳೆಗೆ ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಸೊಪ್ಪು ಕೊಯ್ಯಬಾರದು, ತೋಟದ ಪಕ್ಕ ಹೊಗೆಸೊಪ್ಪು ಇರಬಾರದು ಎಂಬುದು ರೇಷ್ಮೆ ಬೆಳೆಯುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹೊಗೆಸೊಪ್ಪಿನ ನಿಕೋಟಿನ್ ಸೋಕಿದ ಎಲೆ ತಿಂದರೂ ಹುಳ ವಾಂತಿ ಮಾಡಿಕೊಂಡು ಸಾಯುತ್ತದೆ. ಸೂರ್ಯನ ಕುದುರೆ ಸಾಕುವವರಿಗೂ ಇದೇ ಲೆಕ್ಕ, ನಡುವೆ ಒಂದು ಮೆಟ್ಟಿಲು ಹೆಚ್ಚು ಅಷ್ಟೆ. ಎಲೆ ಮಿಡತೆಗೆ, ಮಿಡತೆ ಇದಕ್ಕೆ.

ಮತ್ತೆ ಮಾಸ್ತರರ ಕಡೆಗೆ. ಅವಿನ್ಯೋನ್‌ನಲ್ಲಿ ಅವರು ಹೆಣ್ಣುಮಕ್ಕಳೂ ಇದ್ದ ತರಗತಿಯಲ್ಲಿ ಹೂವಿನ ಪರಾಗಸ್ಪರ್ಶವನ್ನು ವಿವರಿಸಿದರು. ಊರಿನ ಮಡಿವಂತರು ಸಿಟ್ಟಾದರು. ಬಾಡಿಗೆ ಮನೆಯ ಒಡತಿಯರು ಒಂದು ತಿಂಗಳೊಳಗೆ ಜಾಗ ಖಾಲಿ ಮಾಡಲು ನೋಟಿಸು ಕೊಟ್ಟರು. ಹೆಂಡತಿ, ಐದು ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಆಗ ಅಲ್ಲೇ ನೆಲೆಸಿದ್ದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 3,000 ಫ್ರಾಂಕ್ ಕೈಗಡ ಕೊಟ್ಟರು. ಫಾಬ್ರ್ ಶಾಲಾ ಪುಸ್ತಕ ಬರೆದು ಬರೆದು ಆ ಸಾಲ ತೀರಿಸಿದರು. 1877ರಲ್ಲಿ ಹದಿನಾರರ ಮಗ ಜೂಲ್ ತೀರಿಕೊಂಡ. ಹುಳ ಹುಡುಕಲು ಜೊತೆಗೆ ಬರುತ್ತಿದ್ದವನು ಅವನು.

1879ರಲ್ಲಿ, ಐವತ್ತೈದು ದಾಟಿದ ಮೇಲೆ, ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಸ್ವಂತ ಜಾಗ ಕೊಂಡರು. ಎರಡೂವರೆ ಎಕರೆಯ ಆಸುಪಾಸು, ತುಂಬ ಕಲ್ಲು, ಮುಳ್ಳು, ಕಾಡು ಗಿಡ. ನಮ್ಮ ಕಡೆ ಮಡ್ಡಿ ಎನ್ನುತ್ತಾರಲ್ಲ, ಅಂಥದ್ದು. ಅಲ್ಲಿನ ಭಾಷೆಯಲ್ಲಿ ಹಾರ್ಮಾಸ್. ಬೆಳೆಗೆ ಬಾರದ ನೆಲ, ಆದರೆ ಕಣಜ, ಮಿಡತೆ, ಜೇಡಗಳಿಗೆ ತವರು. ಕೀಟಗಳ ಬಗ್ಗೆ ಅವರು ಬರೆದ ಹತ್ತು ಸಂಪುಟಗಳಲ್ಲಿ ಮೊದಲನೆಯದು ಅದೇ ವರ್ಷ ಬಂತು, ಹತ್ತನೆಯದು 1907ರಲ್ಲಿ. ಸೂರ್ಯನ ಕುದುರೆ ಇರುವುದು ಐದನೆಯದರಲ್ಲಿ.

ಆಗಸ್ಟ್ ತಿಂಗಳ ಎರಡನೆಯ ಅರ್ಧ. ಅಡುಗೆಯ ಮೇಲೆ ನೊಣ ಕೂರದಂತೆ ಮುಚ್ಚುವ ತಂತಿಬಲೆಯ ಮುಚ್ಚಳಗಳಂಥವನ್ನು ತಂದು, ಮರಳು ತುಂಬಿದ ಬೋಗುಣಿಗಳ ಮೇಲೆ ಬೋರಲು ಹಾಕಿದರು. ಒಳಗೆ ಒಣಗಿದ ಗಿಡದ ಒಂದು ಗೊಂಚಲು, ಮೊಟ್ಟೆ ಇಡಲು ಒಂದು ಚಪ್ಪಟೆ ಕಲ್ಲು. ಸೂರ್ಯನ ಕುದುರೆಗಳಿಗೆ ಇಷ್ಟು ಸಾಕಾಯಿತು. ಸಾಕಾಗದ್ದು ಊಟ. ಬಸುರಿ ಹೆಣ್ಣುಗಳು ಒಂದೇ ಸಮನೆ ತಿನ್ನುತ್ತಿದ್ದವು, ಅರ್ಧ ತಿಂದು ಚೆಲ್ಲುತ್ತಲೂ ಇದ್ದವು. ಮಾಸ್ತರರು ಊರ ಹುಡುಗರನ್ನು ಹಿಡಿದರು. ಬ್ರೆಡ್ ತುಂಡು, ಕರಬೂಜದ ಹೋಳು ಕೊಟ್ಟರೆ ಅವರು ಬೆಳಿಗ್ಗೆ ಸಂಜೆ ಸಣ್ಣ ಬುಟ್ಟಿ ತುಂಬ ಜೀವಂತ ಮಿಡತೆ ತಂದುಕೊಡುತ್ತಿದ್ದರು.

ಆಮೇಲೆ ಪರೀಕ್ಷೆ ಶುರು. ತನಗಿಂತ ದೊಡ್ಡ ಮಿಡತೆ ಕೊಟ್ಟರೆ? ರೆಕ್ಕೆ ಬಿಚ್ಚಿ ಹೆದರಿಸಿ ಹಿಡಿಯಿತು. ದಪ್ಪ ಜೇಡ ಕೊಟ್ಟರೆ? ಅದನ್ನೂ ಬಿಡಲಿಲ್ಲ. ಬೇಟೆಯ ಕತ್ತಿನ ಹಿಂಭಾಗವನ್ನೇ ಮೊದಲು ಕಚ್ಚುತ್ತದೆ, ಅಲ್ಲಿ ಕಚ್ಚಿದರೆ ಒದ್ದಾಟ ಬೇಗ ನಿಲ್ಲುತ್ತದೆ ಎಂಬುದನ್ನು ಗುರುತಿಸಿದರು. ಒಂದೇ ಹೆಣ್ಣು ಎರಡು ವಾರದಲ್ಲಿ ಏಳು ಗಂಡುಗಳನ್ನು ತಿಂದದ್ದನ್ನೂ ಕಂಡು ಬರೆದರು. ಹೆಣ್ಣು ಗಂಡನ್ನು ತಪ್ಪದೆ ತಿನ್ನುತ್ತದೆ ಎಂದು ಈಗ ಓಡಾಡುವ ಫಾರ್ವರ್ಡುಗಳ ಹಿಂದೆ ಇಂಥ ಪಂಜರದ ವರದಿಗಳೇ ಇವೆ. ತಪ್ಪದೆ ಎಂಬ ಪದ ಸುಳ್ಳು. ಹಸಿದ ಹೆಣ್ಣು ತಿನ್ನುವ ಸಂಭವ ಹೆಚ್ಚು, ಹೊಟ್ಟೆ ತುಂಬಿದ್ದರೆ ಕಡಿಮೆ ಎಂಬುದು ನಂತರದ ಅಧ್ಯಯನಗಳಲ್ಲಿ ಗೊತ್ತಾಗಿದೆ. ಇಕ್ಕಟ್ಟಿನ ಪಂಜರದಲ್ಲಿ ಗಂಡಿಗೆ ಓಡಲು ಜಾಗವೂ ಇರುವುದಿಲ್ಲ.

ಈ ಹುಳದ ಸುತ್ತ ಆ ಸೀಮೆಯಲ್ಲೂ ನಂಬಿಕೆಗಳಿದ್ದವು. ಕೈಮುಗಿದಂತೆ ಕೂರುವುದರಿಂದ ಇದು ದೇವರಿಗೆ ಪ್ರಾರ್ಥಿಸುವ ಹುಳ ಎಂದು ಜನ ಕರೆಯುತ್ತಿದ್ದರು. ಕಡ್ಡಿಗೆ, ಕಲ್ಲಿಗೆ ಅಂಟಿಸಿದ ಅದರ ನೊರೆಯಂಥ ಮೊಟ್ಟೆಗೂಡನ್ನು ಹಲ್ಲುನೋವಿಗೆ ಔಷಧಿ ಎಂದು ಆರಿಸಿ ತಂದು ಸೆರಗಿನಲ್ಲೋ ಕಪಾಟಿನಲ್ಲೋ ಇಡುತ್ತಿದ್ದರು, ನೆರೆಮನೆಯವರಿಗೆ ಕೈಬದಲೂ ಕೊಡುತ್ತಿದ್ದರು. ಚಳಿಗೆ ಬೆರಳು ಕೆಂಪಾಗಿ ಊದಿ ತುರಿಸಿದರೆ ಅದನ್ನೇ ಅರ್ಧ ಕತ್ತರಿಸಿ ಉಜ್ಜುತ್ತಿದ್ದರು. 1895ರ ಕೊರೆಯುವ ಚಳಿಯಲ್ಲಿ ಫಾಬ್ರ್ ಇದನ್ನು ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗಿಸಿದರು. ಯಾರ ಬೆರಳಿನ ಊತವೂ ಇಳಿಯಲಿಲ್ಲ. ಇದನ್ನು ಅವರು ಗೇಲಿ ಮಾಡದೆ ಬರೆದರು, ನನಗೆ ಇಷ್ಟವಾದದ್ದು ಅದು.

ಈಗ ಸೋಲಿನ ಮಾತು. ಮೊಟ್ಟೆಗೂಡು ಒಡೆದು ನೂರಾರು ಮರಿಗಳು ಬಂದವು. ಹೊರಗಿನ ಮರಿಗಳನ್ನು ಇರುವೆ, ಹಲ್ಲಿಗಳು ಮುಕ್ಕಿದವು. ಒಳಗೆ ಇಟ್ಟುಕೊಂಡವಕ್ಕೆ ಫಾಬ್ರ್ ಊಟ ಹುಡುಕಿದರು. ಗುಲಾಬಿ ಗಿಡದ ಹಸಿರು ಹೇನು ಕೊಟ್ಟರು, ಮುಟ್ಟಲಿಲ್ಲ. ಹುಲ್ಲಿನ ಮೇಲಿಂದ ಅತಿ ಸಣ್ಣ ನುಸಿ ಹಿಡಿದು ಬಿಟ್ಟರು, ಬೇಡವೆಂದವು. ನೊಣವನ್ನು ಚೂರು ಮಾಡಿ ಬಲೆಗೆ ತೂಗುಹಾಕಿದರು, ಅದಕ್ಕೂ ಬಾಯಿ ಹಾಕಲಿಲ್ಲ. ಆಗತಾನೇ ಹುಟ್ಟಿದ ಮಿಡತೆ ಮರಿ ಕೊಟ್ಟರೆ ಹೆದರಿ ಓಡಿದವು. ಎಳೆಯದರಲ್ಲಿ ಸೊಪ್ಪು ತಿನ್ನುತ್ತವೇನೋ ಎಂದು ಲೆಟ್ಯೂಸ್ ಸೊಪ್ಪಿನ ಎಳೆ ಎಲೆ, ಹೂವಿನ ಮೇಲೆ ಜೇನಿನ ಹನಿ ಕೂಡ ಇಟ್ಟರು. ಎಲ್ಲವೂ ಉಪವಾಸದಿಂದ ಸತ್ತವು. ಫಾಬ್ರ್ ಅದನ್ನು ಮುಚ್ಚಿಡದೆ ಬರೆದಿದ್ದಾರೆ.

ಇದರಲ್ಲಿ ಒಂದು ಭಾಗವನ್ನು ಈಗ ವಿವರಿಸಬಹುದು. ಸೂರ್ಯನ ಕುದುರೆ ಅಲುಗಾಡುವುದನ್ನು ನೋಡಿ ಬೇಟೆ ಎಂದು ಗುರುತಿಸುತ್ತದೆ. ತೂಗುಹಾಕಿದ ನೊಣದ ಚೂರು ಅದಕ್ಕೆ ಊಟವೇ ಅಲ್ಲ. ಇಂದಿನ ಸಾಕಣೆದಾರರು ಮರಿಗಳಿಗೆ ಕೊಡುವುದು ಜೀವಂತ ಹಣ್ಣಿನ ನೊಣ, ಬಾಳೆಹಣ್ಣು ಕಳಿತಾಗ ಸುತ್ತ ಹಾರುವ ಅದೇ ಸಣ್ಣ ನೊಣ. ಅದನ್ನು ಬಾಟಲಿಯಲ್ಲಿ ತಲೆಮಾರುಗಟ್ಟಲೆ ಸಾಕುವ ವಿದ್ಯೆ ಪ್ರಯೋಗಾಲಯಗಳಿಗೆ ಬಂದದ್ದು 1900ರ ನಂತರ. ಫಾಬ್ರ್ ಮರಿಗಳು ಅದಕ್ಕೂ ಮೊದಲೇ ಸತ್ತಿದ್ದವು.

ಇಷ್ಟೆಲ್ಲ ಯೋಚಿಸಿದ ಮಾಸ್ತರರು ಒಂದನ್ನು ಯೋಚಿಸಲಿಲ್ಲ: ಹುಡುಗರು ತಂದ ಮಿಡತೆ ಎಲ್ಲಿ ಏನು ಮೇದಿತ್ತು? ಯೋಚಿಸುವ ಅಗತ್ಯ ಅವರಿಗಿರಲಿಲ್ಲ. ಅವು ಆ ಮಡ್ಡಿಯ ಹುಲ್ಲು ತಿಂದ ಮಿಡತೆಗಳು. ಇಂದಿನ ಕೀಟನಾಶಕಗಳು ಹುಟ್ಟೇ ಇರಲಿಲ್ಲ. ಈಗ ಬೈಲಹೊಂಗಲದ ಹತ್ತಿ ಹೊಲದ ಬದುವಿನಲ್ಲಿ ಹಿಡಿದ ಮಿಡತೆಯ ಬಗ್ಗೆ ಅಷ್ಟು ನಿಶ್ಚಿಂತೆ ಸಲ್ಲದು. ಹತ್ತಿ ಬೀಜಕ್ಕೇ ಔಷಧಿ ಲೇಪಿಸಿರುತ್ತಾರೆ, ಅದು ಎಳೆ ಗಿಡದ ರಸದಲ್ಲಿ ಏರುತ್ತದೆ. ಮೇಲಿಂದ ಹೊಡೆಯುವುದು ಬೇರೆ. ತುಸು ವಿಷ ತಿಂದ ಮಿಡತೆ ತಕ್ಷಣ ಸಾಯಬೇಕೆಂದಿಲ್ಲ, ಮಂಕಾಗಿ ಕೂತಿರಬಹುದು. ಹಾಗೆ ಮಂಕಾಗಿ ಕೂತ ಮಿಡತೆಯೇ ನಮ್ಮ ಕೈಗೆ ಸುಲಭವಾಗಿ ಸಿಗುವುದು! ಅಂಥ ನಾಲ್ಕು ತಿಂದ ಸೂರ್ಯನ ಕುದುರೆಯ ಕಾಲು ನಡುಗುತ್ತದೆ, ಹಿಡಿತ ತಪ್ಪುತ್ತದೆ, ತಲೆಕೆಳಗಾಗಿ ಬೀಳುತ್ತದೆ.

ಹಾಗಾದರೆ ಮಿಡತೆ ಬದುಕಿ ಚೆನ್ನಾಗಿ ಓಡಾಡುತ್ತಿದ್ದರೆ ಅದು ತಿಂದದ್ದು ಸುರಕ್ಷಿತ ಎನ್ನಬಹುದಲ್ಲ? ಇದೇ ತರ್ಕವನ್ನು ಫಾಬ್ರ್ ಇನ್ನೊಂದು ಕಡೆ ಒಡೆದಿದ್ದಾರೆ. ಹುಳ ತಿಂದ ಅಣಬೆ ಮನುಷ್ಯನಿಗೂ ಸುರಕ್ಷಿತ ಎಂಬ ನಂಬಿಕೆ ಅಲ್ಲಿತ್ತು. ಅವರು ಯಾವ ಹುಳ ಯಾವ ಅಣಬೆ ತಿನ್ನುತ್ತದೆ ಎಂದು ನೋಡುತ್ತ ಹೋದರು. ನಮಗೆ ವಿಷವಾದವನ್ನೂ ಹುಳಗಳು ಸಂತೋಷದಿಂದ ತಿನ್ನುತ್ತಿದ್ದವು. ಒಂದು ಜೀವಿಯ ಹೊಟ್ಟೆ ಇನ್ನೊಂದು ಜೀವಿಯ ಹೊಟ್ಟೆಗೆ ಸಾಕ್ಷಿಯಲ್ಲ. (ಅವರ ಊರಲ್ಲಿ ಅಣಬೆಯನ್ನು ಉಪ್ಪುನೀರಲ್ಲಿ ಕುದಿಸಿ ತಿನ್ನುತ್ತಿದ್ದರು. ಅದನ್ನು ಓದಿ ಯಾರೂ ಕಾಡು ಅಣಬೆ ಕುದಿಸಲು ಹೋಗಬೇಡಿ, ಎಷ್ಟು ಕುದಿಸಿದರೂ ಹೋಗದ, ಪ್ರಾಣ ತೆಗೆಯುವ ವಿಷದ ಅಣಬೆಗಳಿವೆ.) ಹುಳುಕು ಬದನೆಕಾಯಿ ಎಂದರೆ ಔಷಧಿ ಹೊಡೆಯದ ಬದನೆಕಾಯಿ ಎಂಬ ನಮ್ಮ ಮಾತೂ ಹೀಗೆಯೇ. ಹುಳ ಕಾಯಿಯೊಳಗೆ ಅವಿತಿರುತ್ತದೆ, ಆ ಹುಳದ ಕಾಟಕ್ಕೇ ಬದನೆಗೆ ಮೇಲಿಂದ ಮೇಲೆ ಹೊಡೆಯುವುದು.

ನಮ್ಮ ಸೀಮೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಎಕ್ಕದ ಮಿಡತೆ. ಸವದತ್ತಿ, ರಾಮದುರ್ಗದ ಒಣ ಬಯಲಿನಲ್ಲಿ ಎಕ್ಕದ ಗಿಡಕ್ಕೇನು ಕಡಿಮೆ! ಅದರ ಮೇಲೆ ಹಳದಿ, ನೀಲಿ ಪಟ್ಟೆಯ ದಪ್ಪ ಮಿಡತೆ ಕೂತಿರುತ್ತದೆ. ಹಿಡಿಯುವುದು ಸುಲಭ, ಯಾಕೆಂದರೆ ಅದಕ್ಕೆ ಹೆದರಿಕೆಯಿಲ್ಲ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ, ಈ ಜಾತಿಯ ಮಿಡತೆ ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದು ಆರೋಗ್ಯವಾಗಿ ಕಂಡರೂ ಊಟಕ್ಕೆ ಆಗದು. ಎಕ್ಕ ತಿನ್ನುವ ಚಿಟ್ಟೆಯ ಪಟ್ಟೆ ಪಟ್ಟೆ ಮರಿಗಳೂ ಬೇಡ. ಅಂಥದೇ ವಿಷದ ಚಿಟ್ಟೆಮರಿಗಳನ್ನು ಅಮೆರಿಕದ ಸಂಶೋಧಕರು ಸೂರ್ಯನ ಕುದುರೆಗೆ ಕೊಟ್ಟಾಗ ಅದು ಕರುಳನ್ನು ಹೊರಗೆಳೆದು ಬಿಸಾಕಿ ಉಳಿದದ್ದನ್ನು ತಿಂದಿತು, ವಿಷವಿಲ್ಲದ ಮರಿಗಳನ್ನು ಕರುಳು ಸಮೇತ ತಿಂದಿತು. 2013ರಲ್ಲಿ ಪ್ರಕಟವಾದ ಅಧ್ಯಯನ ಇದು. ಸೂರ್ಯನ ಕುದುರೆಗೆ ತಾನು ತಿನ್ನುವುದೇನೆಂದು ಗೊತ್ತಿರುತ್ತದೆ ಎಂದು ವಾದಿಸುವವರು ಇದನ್ನು ಎತ್ತಿ ತೋರಿಸಬಹುದು. ಮೈಯೆಲ್ಲ ಹರಡಿದ ಕೀಟನಾಶಕಕ್ಕೆ ಈ ಉಪಾಯ ನಡೆಯುವುದಿಲ್ಲ.

ಫಾಬ್ರ್ ಮುಪ್ಪಿನಲ್ಲೂ ಬಡವರೇ. ಪುಸ್ತಕಗಳ ಮಾರಾಟ ಕುಸಿದಿತ್ತು. 1910ರಲ್ಲಿ ಗೆಳೆಯರು ಸನ್ಮಾನ ಏರ್ಪಡಿಸಿದ ಮೇಲೆ ಲೋಕ ಒಮ್ಮೆಲೇ ಅವರ ಕಡೆ ತಿರುಗಿತು. 1913ರಲ್ಲಿ ರಾಷ್ಟ್ರಾಧ್ಯಕ್ಷರೇ ಮನೆಗೆ ಬಂದರು. 1915ರ ಅಕ್ಟೋಬರ್ 11ರಂದು, 91ರ ವಯಸ್ಸಿನಲ್ಲಿ ತೀರಿಕೊಂಡರು. ಹಾರ್ಮಾಸ್ ಈಗ ವಸ್ತುಸಂಗ್ರಹಾಲಯ.

ಅವರ ರೀತಿಯನ್ನೇ ಹಿಡಿದರೆ ನಮ್ಮ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಹೊಲದಿಂದ ಹಿಡಿದು ತಂದು ನೇರವಾಗಿ ಹಾಕುವ ಬದಲು ಊಟದ ಹುಳಗಳನ್ನು ನೀವೇ ಸಾಕಿ. ರಾತ್ರಿ ಗೋಡೆ ಸಂದಿಯಲ್ಲಿ ಚಿರ್ರೆನ್ನುವ ಜಾತಿಯ ಕ್ರಿಕೆಟ್ ಹುಳ, ಹಕ್ಕಿ ಮೀನುಗಳಿಗೆಂದು ಮಾರುವ ಮೀಲ್‌ವರ್ಮ್ ಸಾಕುವುದು ಸುಲಭ. ಅವಕ್ಕೆ ಗೋಧಿ ತೌಡು ಅಥವಾ ಜೋಳದ ನುಚ್ಚು ಸದಾ ಇರಲಿ. ಜೊತೆಗೆ ಗಜ್ಜರಿ, ಗೆಣಸು, ಕುಂಬಳಕಾಯಿಯ ತೆಳು ಹೋಳು, ಹಿತ್ತಲಲ್ಲೇ ಬೆಳೆದ ನುಗ್ಗೆ ಸೊಪ್ಪು ಕೊಡಿ. ನೀರಿನ ಬಟ್ಟಲು ಇಟ್ಟರೆ ಕ್ರಿಕೆಟ್ ಹುಳ ಮುಳುಗಿ ಸಾಯುತ್ತದೆ, ಗಜ್ಜರಿ ಹೋಳಿನ ರಸ ಅಥವಾ ಒದ್ದೆ ಅರಳೆ ಸಾಕು. ಸಂತೆಯಿಂದ ತಂದ ತರಕಾರಿ ತೊಳೆದು ಸಿಪ್ಪೆ ತೆಗೆದು ಕೊಡಿ, ಸಿಪ್ಪೆಯನ್ನೇ ಹುಳಕ್ಕೆ ಹಾಕುವುದು ಉಳಿತಾಯವಲ್ಲ. ತೊಳೆದರೆ ಮೇಲಿನ ಔಷಧಿ ಒಂದಿಷ್ಟು ಹೋದೀತು, ಒಳಗೆ ಇಳಿದದ್ದು ಹೋಗದು. ಹೂಕೋಸು, ಬದನೆಗಳನ್ನು ಬಿಟ್ಟುಬಿಡಿ. ಟೊಮ್ಯಾಟೊ ಎಲೆ, ಹಸಿರು ತಿರುಗಿದ ಆಲೂಗಡ್ಡೆ, ಬೂಸ್ಟು ಹಿಡಿದ ರೊಟ್ಟಿ, ಉಪ್ಪು ಖಾರ ಎಣ್ಣೆಯ ಚೂಡಾ ಯಾವುದೂ ಬೇಡ. ಮನೆಯ ಜಿರಲೆಯಂತೂ ಬೇಡವೇ ಬೇಡ, ಚಾಕ್‌ಪೀಸು, ಸ್ಪ್ರೇಗಳನ್ನೆಲ್ಲ ದಾಟಿ ಬಂದದ್ದು ಅದು. ಸೊಳ್ಳೆ ಬತ್ತಿ ಹಚ್ಚುವ ಕೋಣೆಯಲ್ಲಿ ಡಬ್ಬಿ ಇಡಬೇಡಿ.

ಹಾಕುವ ಮೊದಲು ಒಂದೆರಡು ದಿನ ಊಟದ ಹುಳ ಚೆನ್ನಾಗಿ ಮೇಯಲಿ. ಅದರ ಹೊಟ್ಟೆಯಲ್ಲಿರುವುದೂ ಊಟವೇ ತಾನೆ. ಹೊಸ ಸೊಪ್ಪು ಕೊಡುವುದಿದ್ದರೆ ನಾಲ್ಕಾರು ಹುಳಕ್ಕೆ ಮಾತ್ರ ಕೊಟ್ಟು ಎರಡು ದಿನ ನೋಡಿ, ಸತ್ತರೆ ಆ ಸೊಪ್ಪು ಬೇಡ. ಸಾಯದಿದ್ದರೂ ಸೊಪ್ಪು ಎಲ್ಲಿಂದ ಬಂತೆಂದು ಗೊತ್ತಿರಬೇಕು. ಸೂರ್ಯನ ಕುದುರೆಯ ಅರ್ಧ ಉದ್ದಕ್ಕಿಂತ ದೊಡ್ಡ ಹುಳ ಹಾಕಬೇಡಿ. ಅದು ಪೊರೆ ಕಳಚುವ ದಿನ ಡಬ್ಬಿಯಲ್ಲಿ ಕ್ರಿಕೆಟ್ ಹುಳ ಉಳಿದಿದ್ದರೆ ತೆಗೆಯಿರಿ, ಮೆತ್ತಗಿನ ಮೈಯನ್ನು ಅದೇ ಕಚ್ಚಿಬಿಡುತ್ತದೆ. ಮೊಟ್ಟೆಗೂಡು ಒಡೆದು ಮರಿ ಬಂದರೆ ಹಣ್ಣಿನ ನೊಣ ಮೊದಲೇ ಸಿದ್ಧವಿರಲಿ, ನೊಣಕ್ಕೆ ಇಡುವ ಬಾಳೆಹಣ್ಣ ಸಿಪ್ಪೆ ಸುಲಿದಿರಲಿ. ಮರಿಗಳು ಮೊದಲ ಒಂದೆರಡು ದಿನ ತಿನ್ನದಿದ್ದರೆ ಗಾಬರಿ ಬೇಡ. ನಾಲ್ಕೈದು ಇಟ್ಟುಕೊಂಡು ಉಳಿದವನ್ನು ಔಷಧಿ ಹೊಡೆಯದ ಬೇಲಿಯ ಮೇಲೆ ಬಿಟ್ಟುಬನ್ನಿ, ಇರುವೆ ಸಾಲು ಇಲ್ಲದ ಕಡೆ ನೋಡಿ.